ರಮ್ಯಳ ಕೋಣೆಯ ದೊಡ್ಡ ಜಾಲರಿ

ತಿಪ್ಪಸಂದ್ರದಾಚೆ, ಕ್ವಾರಿ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲೇ ದಾಸಮ್ಮನ ಮಕ್ಕಳು ಮನೆ ಕಟ್ಟಿಸಿದ್ದರು. ಕಿಟಕಿ ಮುಚ್ಚಿದರೂ ಕಲ್ಲಿನ ದೂಳು ಒಳಗೆ ನುಗ್ಗುತ್ತಿತ್ತು. ದಾಸಮ್ಮನಿಗೆ ಉಬ್ಬಸ ಹೆಚ್ಚಾದಾಗ, ಇಡೀ ಮನೆಯ ಗಾಳಿಯನ್ನು ಸೋಸುವ ಮಷೀನು ಹಾಕಿಸೋಣವೆಂದು ಅಣ್ಣತಮ್ಮಂದಿರು ಮಾತಾಡಿಕೊಂಡರು.

ಅಳತೆ ತೆಗೆದುಕೊಳ್ಳಲು ರಾಮನಗರದಿಂದ ಸಾನಾ ಎಂಬ ಇಂಜಿನಿಯರ್ ಬಂದಳು. ಅಟ್ಟದ ಮೇಲೆ ಮಷೀನು, ಅಲ್ಲಿಂದ ಒಂದೊಂದು ಕೋಣೆಗೂ ತಗಡಿನ ಕೊಳವೆ, ಕೊಳವೆಯ ತುದಿಗೆ ಜಾಲರಿ. ಹಿರಿಸೊಸೆ ವನಜಾಕ್ಷಿ ಅವಳ ಹಿಂದೆಯೇ ಸುತ್ತಿದಳು. ತನ್ನ ಕೋಣೆಗೆ ತಟ್ಟೆಯಷ್ಟು ಜಾಲರಿ, ಕಿರಿಸೊಸೆ ರಮ್ಯಳ ಕೋಣೆಗೆ ಮೊರದಷ್ಟು ದೊಡ್ಡದು ಎಂದು ತಿಳಿದಾಗ ಅವಳ ಮುಖ ಬಿಗಿಯಿತು.

"ಇದ್ಯಾವ ನ್ಯಾಯ ಮೇಡಂ? ನಾವೇನು ಉಸಿರಾಡಕಿಲ್ವಾ?"

"ನಿಮ್ಮ ಕೋಣೆ ಚಿಕ್ಕದು, ಮಷೀನಿಗೂ ಹತ್ತಿರ. ಅವರದು ಮನೆಯ ಕೊನೇಲಿದೆ ಅಕ್ಕ. ಅಲ್ಲಿಗೆ ಹೋಗೋಷ್ಟರಲ್ಲಿ ಗಾಳಿ ಬಿರುಸು ಕಳ್ಕೊಳ್ಳುತ್ತೆ. ಇಲ್ಲೇ ದೊಡ್ಡ ದಾರಿ ಬಿಟ್ರೆ ಎಲ್ಲಾ ಇಲ್ಲೇ ಸುರಿದುಹೋಗುತ್ತೆ."

ಮಾತು ಅರ್ಥವಾಯಿತು. ಆದರೆ ಊಟಕ್ಕೆ ಕೂತಾಗ ಅತ್ತೆ ದಾಸಮ್ಮ, "ಹಂಗಾದ್ರೆ ನಾನು ಇನ್ಮೇಲೆ ರಮ್ಯನ ರೂಮಲ್ಲೇ ಮಲಗ್ತೀನಿ ಬುಡು," ಅಂದರು.

ವನಜಾಕ್ಷಿಯ ಗಂಡ ಸಿದ್ದರಾಮು ಕುರಿ ರೊಪ್ಪ ಕಾಯುತ್ತ ಅಲ್ಲೇ ಮಲಗುತ್ತಿದ್ದುದರಿಂದ ಅತ್ತೆಯ ಹಾಸಿಗೆ ಮೊದಲಿಂದಲೂ ಅವಳ ಕೋಣೆಯಲ್ಲಿತ್ತು. ಎದೆಗೆ ಎಣ್ಣೆ ನೀವಿದವಳು, ಬಿಸಿನೀರು ಕೊಟ್ಟವಳು ಅವಳು. ಈಗ ಒಂದು ಜಾಲರಿಯ ನೆಪದಲ್ಲಿ ಅತ್ತೆ ನಿನ್ನೆ ಮೊನ್ನೆ ಬಂದವಳ ಪಾಲಾಗುತ್ತಿದ್ದರು. ರಮ್ಯಳ ಗಂಡ ಕನಕರಾಜುವಿಗೆ ಬಿಡದಿಯಲ್ಲಿ ರಾತ್ರಿ ಪಾಳಿ. ಅತ್ತೆ ಸೊಸೆ ಇಬ್ಬರೇ ಹರಟುವುದನ್ನು ನೆನೆದು ವನಜಾಕ್ಷಿ ತಟ್ಟೆ ಸರಿಸಿ ಎದ್ದಳು.

ಮಷೀನು ಕೂರಿಸಲು ಕಂಪನಿಯ ಮೆಕ್ಯಾನಿಕ್ ಕೆಂಪರಾಜು ಬಂದ ದಿನ ಸಾನಾ ಬಂದಿರಲಿಲ್ಲ. ರಮ್ಯ ಡೈರಿಗೆ ಹೋಗಿದ್ದಳು.

"ಮೇಡಂ ಫೋನ್ ಮಾಡಿದ್ರು. ದೊಡ್ಡ ಕೊಳವೆ, ದೊಡ್ಡ ಜಾಲರಿ ನಮ್ ರೂಮಿಗಂತೆ. ಚಿಕ್ಕದು ಆ ಕಡೆಗೆ," ಅಂದಳು ವನಜಾಕ್ಷಿ.

"ನನಗೆ ಹೇಳಿದ್ದು ಬೇರೆ ಕಣಕ್ಕ."

"ಈಗ ಬದಲಾಯಿಸವ್ರೆ."

ಕೆಂಪರಾಜು ಅವಳ ಮಾತು ನಂಬಿ ಹಾಗೆಯೇ ಜೋಡಿಸಿಹೋದ. ಮೇಡಂ ಬದಲಾಯಿಸಿದರೆಂಬ ಮಾತನ್ನು ಮನೆಯವರೂ ನಂಬಿದರು. ವನಜಾಕ್ಷಿಯ ಕೋಣೆಯಲ್ಲಿ ಗಾಳಿ ಭರ್ರನೆ ಸುರಿಯತೊಡಗಿತು. ಅಲ್ಲೇ ಮಲಗಲು ಅತ್ತೆಯನ್ನು ಕರೆದಳು. "ಹಾಸಿಗೆ ಅಲ್ಲಿ ಹಾಕಾಯ್ತಲ್ಲವ್ವ," ಎಂದು ಅವರು ರಮ್ಯಳ ಕೋಣೆಗೇ ಹೋದರು.

ಕೆಲವು ದಿನ ಕಳೆದ ಮೇಲೆ ಬೆಳಗ್ಗೆ ರಮ್ಯ ಕಣ್ಣು ಊದಿಸಿಕೊಂಡು ಬಂದಳು. "ಅಕ್ಕ, ಅತ್ತೆ ಮಲಗ್ಲೇ ಇಲ್ಲ, ಕೂತೇ ಇದ್ರು. ನಮ್ ರೂಮಿಗೆ ಗಾಳೀನೇ ಬರಾಕಿಲ್ಲ, ನಿನ್ ರೂಮಿಗೆ ಬತ್ತೈತಾ?"

ವನಜಾಕ್ಷಿ ರಮ್ಯಳ ಕೋಣೆಗೆ ಹೋದಳು. ಗೋಡೆಗೊರಗಿ ಏದುಸಿರು ಬಿಡುತ್ತಿದ್ದ ಅತ್ತೆಯ ಬೆನ್ನು ನೀವುತ್ತ, "ನನ್ ರೂಮಿಗೆ ಯಾಕೆ ಬರ್ಲಿಲ್ಲ ಅತ್ತೆ?" ಅಂದಳು.

"ನಾನು ಒಸಿ ಕೆಮ್ಮಿದ್ರೂ ನೀನು ಎದ್ದು ಕೂತ್ಕೋತೀಯ. ಬೆಳಕು ಹರಿಯೋ ಮುಂಚೆ ಹಾಲು ಕರೀಬೇಕು ನೀನು. ಆ ಹುಡುಗೀದು ಗಟ್ಟಿ ನಿದ್ದೆ ಅಂದ್ಕೊಂಡು ಇಲ್ಲಿಗೆ ಬಂದೆ. ಇವಳೂ ಎದ್ಬುಡ್ತಾಳೆ ಕಣವ್ವ."

ವನಜಾಕ್ಷಿ ಹಿತ್ತಲಿಗೆ ಹೋಗಿ ಸಾನಾಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದಳು. ಮಧ್ಯಾಹ್ನವೇ ಸಾನಾ, ಕೆಂಪರಾಜು ಬಂದು ಕೊಳವೆ, ಜಾಲರಿ ಎರಡನ್ನೂ ಅದಲುಬದಲು ಮಾಡಿದರು. ಅವರ ಮಾತಿನಿಂದ ರಮ್ಯಳಿಗೂ ವಿಷಯ ತಿಳಿಯಿತು.

"ಒಂದು ಮಾತು ಅಂದಿದ್ರೆ ನಾನೇ ರೂಮ್ ಬುಟ್ಕೊಡ್ತಿದ್ದೆ ಅಕ್ಕ," ಅಂದವಳು ಎರಡು ದಿನ ಮಾತು ಬಿಟ್ಟಳು.

ಅತ್ತೆ ಚೇತರಿಸಿಕೊಂಡರು. ವನಜಾಕ್ಷಿಯ ಹೊಟ್ಟೆಯುರಿ ಮಾತ್ರ ಪೂರ್ತಿ ಆರಲಿಲ್ಲ. ಆ ಕೋಣೆಯಿಂದ ನಗು ಕೇಳಿಸಿದರೆ ಈಗಲೂ ಒಳಗೆ ಚುರುಕ್ ಅನ್ನುತ್ತಿತ್ತು. ಒಂದು ದಿನ ಬೆಳಗ್ಗೆ ಹಾಗೆ ಅನ್ನಿಸಿದಾಗ ಕಾಫಿ ಲೋಟ ಹಿಡಿದುಕೊಂಡು ತಾನೂ ಅಲ್ಲಿಗೇ ಹೋದಳು. ರಮ್ಯ ಒಸಿ ಸರಿದು ಜಾಗ ಬಿಟ್ಟಳು.