ಕತ್ತರಿ ಹಾಕದ ವರ್ಷ

ಫೋಟೋಗಳಲ್ಲಿ ಗಿಡಗಳು ಹೊಸವೇ ಆಗಿದ್ದವು. ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಗುತ್ತಿಗೆದಾರನ ವಕೀಲ ಅವನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿದ. ಏಳು ಜೂನ್ ತಿಂಗಳು, ಏಳು ಫೋಟೋ. ಪ್ರತಿಯೊಂದರಲ್ಲೂ ಕೆಂಪು ಮಣ್ಣಿನ ಉದ್ದನೆಯ ಪಾತಿ, ಅದರಲ್ಲಿ ಗೇಣೆತ್ತರದ, ಒಂದೇ ಅಳತೆಯ, ಆಗಷ್ಟೇ ಚಿಗುರಿದ ನಿತ್ಯಪುಷ್ಪದ ಗಿಡಗಳು.

"ನೋಡಿ ಸಾಹೇಬರೇ, ವರ್ಷ ವರ್ಷ ಹೊಸದಾಗಿ ನೆಡುತ್ತೇವೆ. ಹಂಗಾಮಿನ ಹೂ, ಹಂಗಾಮಿನ ಕೆಲಸ. ಈ ಬಾಯಿಗಳೂ, ಈ ಹೆಂಗಸರೂ, ಹಂಗಾಮಿಗೆ ಬಂದು ಹೋಗುವವರು," ಎಂದು ಅವನು ಮರಾಠಿಯಲ್ಲಿ ಹೇಳಿದ.

ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದ ಸುಂದ್ರವ್ವ ಕುತ್ತಿಗೆ ಚಾಚಿ ನೋಡಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆಮ್ಮೆ. ಎಷ್ಟು ಸಮ ಕತ್ತರಿಸಿದ್ದೇನೆ! ಆ ಸಮವೇ ತಮ್ಮ ವಿರುದ್ಧದ ಪುರಾವೆ ಎಂದು ಹೊಳೆದದ್ದು ಆಮೇಲೆ.

"ಅವು ಹೊಸಾವಲ್ರೀ ಸಾಹೇಬ್ರ," ಎಂದು ಎದ್ದು ನಿಂತಳು. "ನಾನೇ ಕಡದೀನಿ. ಮಿರಗಿನ ಮಳಿ ಕೂಡೂಕಿಂತ ಮೊದಲ ಗೇಣು ಬಿಟ್ಟು ಕಡದ್ರ ಹೊಸಾವು ಇದ್ದಂಗ ಚಿಗುರು ಒಡೀತಾವ. ಬೇರು ಅದೇ ಅದ, ಬಡ್ಡಿ ಅದೇ ಅದ."

ಯೂನಿಯನ್ನಿನ ಸ್ನೇಹಲ್ ಅದನ್ನು ಮರಾಠಿಗೆ ತಿರುಗಿಸಿದಳು. ಅಧಿಕಾರಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಆ ದಿನ ಅವರ ಮುಂದೆ ಅದು ಹದಿನಾಲ್ಕನೆಯ ತಕರಾರು. "ನಾನು ಗಿಡದ ಡಾಕ್ಟರ್ ಅಲ್ಲ. ಪುರಾವೆ ಇದ್ದರೆ ತೋರಿಸಿ. ಜೂನ್ ಹತ್ತಕ್ಕೆ ಜಾಗಕ್ಕೇ ಬರುತ್ತೇನೆ."

ತಕರಾರು ಇಷ್ಟೇ. ಮಲಾಡ್‌ನ ಲಿಂಕ್ ರಸ್ತೆಯ ಒಂದು ಗಾಜಿನ ಆಫೀಸಿನ ಮುಂದಿನ ತೋಟವನ್ನು ಆರು ಹೆಂಗಸರು ಏಳು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆಯ ಹೆಸರು ಬದಲಾಗುತ್ತದೆ, ಕೊರಳಿಗೆ ಬೇರೆ ಬಣ್ಣದ ಕಾರ್ಡು ಬರುತ್ತದೆ. ನಲ್ಲಿ ಅದೇ, ಪಾತಿ ಅದೇ, ನಡುನೋವೂ ಅದೇ. ವರ್ಷವಿಡೀ ನಡೆಯುವ ಕೆಲಸ ಎಂದು ಸಾಬೀತಾದರೆ ಕಂಪನಿ ಅವರನ್ನು ತನ್ನ ಕೆಲಸಗಾರರೆಂದು ಒಪ್ಪಬೇಕು. ಹಂಗಾಮಿನದು ಎಂದಾದರೆ ಜುಲೈಗೆ ಆರೂ ಜನ ಮನೆಗೆ. ಅಷ್ಟು ದೊಡ್ಡ ಮಾತನ್ನು ಈಗ ಒಂದು ಗಿಡ ಹೇಳಬೇಕಿತ್ತು. ಸುಂದ್ರವ್ವನ ಕತ್ತರಿ ಅದರ ಬಾಯಿಯನ್ನು ವರ್ಷ ವರ್ಷವೂ ಕಟ್ಟಿಹಾಕಿತ್ತು.

ಹೊರಗೆ ಚಹಾದ ಗಾಡಿಯ ಹತ್ತಿರ ಸ್ನೇಹಲ್ ಕೇಳಿದಳು. ಸೋಲಾಪುರದ ಹುಡುಗಿ, ಕನ್ನಡ ತಿಳಿಯುತ್ತದೆ, ಆಡುವಾಗ ಎಡವುತ್ತಾಳೆ. "ಮೌಶಿ, ಆ ಫೋಟೋ ಯಾರು ಕಾಢಿದ್ದು, ತೆಗೆದದ್ದು?"

"ತಿಲಕ್ ಸೂಪರ್‌ವೈಜರ. ಕಡದು ಎಂಟ್ ದಿನಕ್ಕ ಬರ್ತಿದ್ದ. ಮಸ್ತ್ ಅಕ್ಕ, ಮಸ್ತ್ ಅಂತಿದ್ದ. ನಾನು ಸೆರಗು ಸರಿ ಮಾಡ್ಕೊಂಡು ಬಾಜೂಕ ನಿಂದರ್ತಿದ್ದೆ."

"ನೀ ಎಲ್ಲಿ ಬಂದೀಯವ್ವ ಅದರಾಗ?" ಜೊತೆಯ ಮಹಾದೇವಿ ಗ್ಲಾಸು ಕೆಳಗಿಟ್ಟಳು. "ಬರೇ ಗಿಡ ಬಂದಾವ. ಗಿಡದ ತಲಿ ನೀ ಕಡದಿ, ನಿನ್ನ ತಲಿ ಅಂವ ಕಡದ."

ಯಾರೂ ನಗಲಿಲ್ಲ. ಮಹಾದೇವಿಯೂ ನಗಿಸಲೆಂದು ಹೇಳಿರಲಿಲ್ಲ.

"ಈ ವರ್ಷ ಕಾಪಬೇಡಿ," ಎಂದಳು ಸ್ನೇಹಲ್. "ಕತ್ತರಿ ಬಂದ್. ಸಾಹೇಬ್ ಬರೂ ತನಕ ಗಿಡ ಏಕ್‌ದಮ್ ಜುನಾ, ಹಳೇದು, ಕಾಣಬೇಕು."

"ಹಾಳ ಸುರೀತದಲ್ಲ ತಂಗಿ. ಕೋಳಿ ಕಾಲಿನಂಗ ಬರೇ ಕಡ್ಡಿ ಕಾಣ್ತಾವ. ನೋಡಿದವರು ನನಗೇನಂತಾರ?"

"ಏನೂ ಅನ್ನಂಗಿಲ್ಲ ಬಿಡು," ಮಹಾದೇವಿ ಹೇಳಿದಳು. "ಏಳ್ ವರ್ಷದಾಗ ಯಾರರ ಏನರ ಅಂದಾರೇನು ನಿನಗ?"

*

ಆ ಗಿಡ ಅವಳಿಗೆ ಒಮ್ಮೆಲೇ ತಿಳಿದದ್ದಲ್ಲ. ಮೊದಲ ವರ್ಷ ಅರ್ಧ ಪಾತಿಯನ್ನು ಅವಳೇ ಕೊಂದಿದ್ದಳು. ಕಲಬುರಗಿಯ ಕಡೆಯವಳು, ನೀರು ಸಿಕ್ಕಿತೆಂದರೆ ಹಾಕಬೇಕು ಎಂಬುದಷ್ಟೇ ಗೊತ್ತಿತ್ತು. ಇಲ್ಲಿ ಪೈಪು ಹಿಡಿದರೆ ಸಾಕು, ಬೇಕಾದಷ್ಟು ನೀರು. ಬೆಳಿಗ್ಗೆ ಸಂಜೆ ಹಾಕಿದಳು. ಬುಡ ಕಪ್ಪಾಯಿತು, ಎಲೆ ಜೋತುಬಿತ್ತು. ಜೋತುಬಿದ್ದಿದೆಯೆಂದು ಮತ್ತಷ್ಟು ಹಾಕಿದಳು. ಹದಿನೈದು ದಿನಕ್ಕೆ ನೂರು ಗಿಡ ಕೊಳೆತವು.

ಕಲಿಸಿದ್ದು ಗೋಡೆ. ಕುರಾರ್‌ನ ಗುಡ್ಡದ ಮೇಲೆ ಅವಳ ಚಾಳಿನ ಮನೆಯ ಹಿಂದೆ, ಗಟಾರದ ಗೋಡೆಯ ಸಿಮೆಂಟು ಬಿರುಕಿನಲ್ಲಿ ಅದೇ ಹೂ ಅರಳಿತ್ತು. ಮಣ್ಣಿಲ್ಲ, ನೀರಿಲ್ಲ, ಯಾರ ಕಣ್ಣೂ ಇಲ್ಲ. ಹನ್ನೆರಡು ತಿಂಗಳೂ ಐದೆಸಳಿನ ಗುಲಾಬಿ ಬಣ್ಣ. ಮಲಾಡ್ ಸ್ಟೇಷನ್ನಿನ ಹಳಿಯ ಜಲ್ಲಿಯಲ್ಲೂ ಇತ್ತು. ದಿನಕ್ಕೆ ಸಾವಿರ ಲೋಕಲ್ ರೈಲು ಅದರ ಮೇಲೆ ಗಾಳಿ ಬೀಸಿಕೊಂಡು ಹೋಗುತ್ತಿದ್ದವು. ಸುಂದ್ರವ್ವ ಪೈಪು ಮಡಿಸಿಟ್ಟಳು. ಪಾತಿಗೆ ಮರಳು ಬೆರೆಸಿದಳು, ಬದಿಗೆ ಕಾಲುವೆ ತೆಗೆದಳು. ಸತ್ತ ಜಾಗಕ್ಕೆ ನರ್ಸರಿಯಿಂದ ತರಿಸಲಿಲ್ಲ. ಕಡ್ಡಿಯಂಥ ಕಾಯಿ ಒಡೆದು ತಾವಾಗಿ ಬಿದ್ದ ಬೀಜಗಳ ಸಸಿಗಳನ್ನೇ ಎತ್ತಿ ಇಟ್ಟಳು. ಆಡು ಬಾಯಿ ಹಾಕದ ಗಿಡ, ಅಷ್ಟು ಕಹಿ. ಕಣಜ ಕಚ್ಚಿದರೆ ಅದರ ಎಲೆ ಹಿಂಡಿ ಹಚ್ಚುವುದನ್ನು ಅವಳ ತಾಯಿ ಮಾಡುತ್ತಿದ್ದಳು. ಇಲ್ಲಿ ಮಹಾದೇವಿಯ ಕೈಗೆ ಸುಂದ್ರವ್ವ ಎರಡು ಸಲ ಹಚ್ಚಿದ್ದಾಳೆ.

ಆಫೀಸಿನ ಕ್ಯಾಂಟೀನಿನ ದೂಜ ಮಾತ್ರ ಅದನ್ನು ತಿನ್ನುತ್ತಿದ್ದ. ಉಡುಪಿ ಕಡೆಯವನು, ದೋಸೆ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವನು. ಬೆಳಿಗ್ಗೆ ಬಂದು ಬಿಳಿ ಹೂವಿನ ಗಿಡದ ಮೂರು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಅಣ್ಣ, ಅದು ಬಾಜಿ ಅಲ್ಲ. ಗುಳಿಗಿ ಬಿಟ್ಟು ಇದ ತಿಂದ್ರ ಒಂದಿನ ಕಾವಲಿ ಮ್ಯಾಲ ಬೀಳ್ತಿ."

"ಗುಳಿಗೆ ಉಂಟು ಮಾರಾಯ್ತಿ, ಇದು ಜೊತೆಗೆ. ಶುಗರಿಗೆ ನಮ್ಮ ಅಜ್ಜಿಯೂ ಇದನ್ನೇ ತಿಂದದ್ದು."

"ಅಜ್ಜಿ ಎಷ್ಟ್ ವರ್ಷ ಬಾಳಿದ್ಳು?"

"ಅದೆಲ್ಲ ಎಂತಕ್ಕೆ ಕೇಳುವುದು ನೀನು!"

"ಕೇಳಾಕ ಕಾರಣ ಅದ. ಇದರಾಗ ರಕ್ತದ ಕ್ಯಾನ್ಸರಿನ ಇಂಜೆಕ್ಷನ್ ಮಾಡ್ತಾರಂತ, ಸ್ನೇಹಲ್ ಹೇಳ್ಯಾಳ. ಅಷ್ಟು ಖಡಕ್ ಔಷಧ ಬಾಯಾಗ ಹಾಕ್ಕೊಂಡು ಆಟ ಆಡಬ್ಯಾಡ."

ದೂಜ ತಿನ್ನುವುದನ್ನು ಬಿಡಲಿಲ್ಲ. ಮೂರು ಎಲೆಯಿಂದ ಒಂದಕ್ಕೆ ಇಳಿಸಿದ.

*

ಮೇ ಕೊನೆಗೆ ಪಾತಿ ಕುರೂಪವಾಯಿತು. ಕಡ್ಡಿಗಳು ಮೊಣಕಾಲೆತ್ತರಕ್ಕೆ ಹೋಗಿ ಬಾಗಿದವು. ಕೆಳಗೆ ಎಲೆಯಿಲ್ಲ, ಮೇಲೆ ಬಡಕಲು ಹೂ. ಸುಂದ್ರವ್ವ ದಿನಾ ಅದರ ಮುಂದೆ ಹಾದುಹೋಗುವಾಗ ಬೇರೆ ಕಡೆ ನೋಡುತ್ತಿದ್ದಳು. ಕೆಲಸ ಕೆಡಿಸುವುದು ಕೆಲಸ ಮಾಡುವುದಕ್ಕಿಂತ ಹೆಚ್ಚು ದಣಿಸುತ್ತದೆಂದು ಅವಳಿಗೆ ಐವತ್ತರ ಹತ್ತಿರ ಗೊತ್ತಾಯಿತು. ರಾತ್ರಿ ಕೈ ಸುಮ್ಮನೆ ಮಲಗುತ್ತಿರಲಿಲ್ಲ, ಹೊದಿಕೆಯ ಅಂಚು ಚಿವುಟುತ್ತಿತ್ತು.

ಗಾಜಿನ ಒಳಗಿನವರಿಗೂ ಕಂಡಿತು. ಏಳು ವರ್ಷದಲ್ಲಿ ಮೊದಲ ಬಾರಿಗೆ ತೋಟದ ಬಗ್ಗೆ ಈಮೇಲ್ ಬಂತು.

ತಿಲಕ್ ಅದನ್ನು ಮೊಬೈಲಿನಲ್ಲಿ ತೋರಿಸಿದ. ಮಂಗಳೂರು ಮೂಲ, ಹುಟ್ಟಿದ್ದು ಇಲ್ಲೇ. "ಸುಂದ್ರಕ್ಕ, ಕ್ಯಾ ಹೈ ಯೇ? ಕಟಿಂಗ್ ಯಾಕೆ ಮಾಡ್ಲಿಲ್ಲ? ನೀವೇ ಬೆಸ್ಟ್ ಅಲ್ವಾ."

"ಬೆಸ್ಟ್ ಇದ್ರ ಏಳ್ ಫೋಟೋದಾಗ ನಾನೆಲ್ಲಿದ್ದೆ?"

ಅವನಿಗೆ ಮುಖ ಎತ್ತಲಾಗಲಿಲ್ಲ. "ನಂಗೆ ಮೇಲಿಂದ ಹೇಳಿದ್ರು ಅಕ್ಕ. ನಾನೂ ಕಾಂಟ್ರಾಕ್ಟೇ."

"ಗೊತ್ತದ ತಮ್ಮ. ಅದಕ್ಕ ನಿನಗ ಬೈಲಾಕತ್ತಿಲ್ಲ."

ಜೂನ್ ಒಂಬತ್ತರ ಮಧ್ಯಾಹ್ನ ದೂಜ ಕಸದ ಬುಟ್ಟಿ ಹಿಡಿದುಕೊಂಡು ಪಾತಿಯ ಕಡೆಗೆ ಬಂದ. ಬುಟ್ಟಿ ಖಾಲಿಯಿತ್ತು. "ಕೇಳು. ತಿಲಕ್ ಫೋನಿನಲ್ಲಿ ತುಳುವಿನಲ್ಲಿ ಮಾತಾಡ್ತಿದ್ದ, ನನಗೆ ಕೇಳಿತು. ನಾಳೆ ಬೆಳಿಗ್ಗೆ ಆರಕ್ಕೆ ಟೆಂಪೋ ಬರ್ತದೆ, ನರ್ಸರಿ ಸಸಿ. ಸಾಹೇಬರು ಬರುವ ಮೊದಲು ಹಳತು ಎಲ್ಲ ಕಿತ್ತು ಹೊಸತು ಇಡ್ಲಿಕ್ಕೆ."

"ಕೀಳೋರು ಯಾರು?"

ಕೀಳುವವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಈ ಊರಿನಲ್ಲಿ ಬಡವರ ವಿರುದ್ಧದ ಪುರಾವೆಯನ್ನು ಬಡವರ ಕೈಯಿಂದಲೇ ಮಾಡಿಸುವುದು ವಾಡಿಕೆ.

*

ಮರುದಿನ ಆರೂ ಹೆಂಗಸರು ಐದೂವರೆಗೇ ಬಂದು ಪಾತಿಯ ಅಂಚಿನಲ್ಲಿ ಕುಳಿತರು. ಟೆಂಪೋ ಬಂತು. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಇನ್ನೂರು ಸಸಿ, ಗೇಣೆತ್ತರ, ಒಂದೇ ಅಳತೆ.

"ಅಕ್ಕ, ಪ್ಲೀಸ್. ಕಿತ್ತು ಬಿಡಿ," ಎಂದ ತಿಲಕ್.

"ನೀನ ಕೀಳು," ಎಂದಳು ಸುಂದ್ರವ್ವ. "ಕೈ ಹಿಡಿಯಂಗಿಲ್ಲ ನಾವು. ಆದ್ರ ನಮ್ಮ ಕೈ ಇವತ್ತು ಹಚ್ಚಂಗಿಲ್ಲ."

ಅವನು ಇಸ್ತ್ರಿ ಪ್ಯಾಂಟು ಮೇಲೆಳೆದುಕೊಂಡು ಬಗ್ಗಿ ಒಂದು ಗಿಡವನ್ನು ಎರಡೂ ಕೈಯಲ್ಲಿ ಜಗ್ಗಿದ. ಅದು ಬರಲಿಲ್ಲ. ಕಾಲು ಒತ್ತಿ ಜಗ್ಗಿದ. ಮೇಲಿನ ಕಡ್ಡಿ ಮುರಿದು ಕೈಗೆ ಬಂತು, ಅವನು ಹಿಂದಕ್ಕೆ ಕೂತುಬಿಟ್ಟ.

"ಹೊಸಾ ಗಿಡ ನೋಡವ್ವ, ಹೋದ ವಾರ ಹಚ್ಚಿದ್ದು!" ಎಂದಳು ಮಹಾದೇವಿ. ಟೆಂಪೋದ ಡ್ರೈವರ್ ಕೂಡ ನಕ್ಕ.

ತಿಲಕ್ ಇನ್ನೆರಡು ಮುರಿದ. ಬೇರು ಒಂದೂ ಬರಲಿಲ್ಲ. ಅಂಗೈಯ ಚರ್ಮ ಕಿತ್ತು, ಗಿಡದ ಹಾಲು ಅಂಟಿ ಉರಿಯತೊಡಗಿತು. ಗುದ್ದಲಿ ಎಲ್ಲಿದೆ ಎಂದು ಕೇಳಿದ. ಶೆಡ್ಡಿನ ಕೀಲಿ ಸುಂದ್ರವ್ವನ ಸೊಂಟದಲ್ಲಿತ್ತು; ಅವಳು ಬಿಚ್ಚಿ ಅವನ ಮುಂದೆ ಇಟ್ಟಳು. ಅವನು ಕೀಲಿಯನ್ನು ನೋಡಿದ, ತನ್ನ ಅಂಗೈ ನೋಡಿದ. "ನೋಕ್ರಿ ಹೋಗ್ತದೆ ನಂದು," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಫುಟ್‌ಪಾತಿನ ಮೇಲೆ ಕುಳಿತ. ಕೀಲಿ ಅಲ್ಲೇ ಬಿದ್ದಿತ್ತು.

ಅಧಿಕಾರಿ ಬರಬೇಕಾದದ್ದು ಹತ್ತೂವರೆಗೆ. ಬಂದದ್ದು ಒಂದು ಗಂಟೆಗೆ. ಮಳೆ ಇನ್ನೂ ಹಿಡಿಯದ ಜೂನಿನ ಬೆವರು. ಒಳಗಿನ ಸೋಫಾಗಳ ಮೇಲೆ ಹೆಂಗಸರು ಕೂರುವಂತಿರಲಿಲ್ಲ, ಗೇಟಿನ ನೆರಳೂ ಸರಿದುಹೋಗಿತ್ತು. ಸ್ನೇಹಲ್ ತಂದ ನೀರಿನ ಬಾಟಲಿ ಆರು ಬಾಯಿ ತಿರುಗಿ ಖಾಲಿಯಾಯಿತು.

ಗುತ್ತಿಗೆದಾರನ ವಕೀಲ ಅಧಿಕಾರಿಯ ಜೊತೆಗೇ ಕಾರಿನಿಂದ ಇಳಿದ. ಪಾತಿ ನೋಡಿ ಮುಖ ಗಂಟಿಕ್ಕಿದ. "ಸಾಹೇಬರೇ, ನೋಡಿಕೊಳ್ಳದೆ ಬಿಟ್ಟರೆ ಯಾವ ಗಿಡವೂ ಹೀಗಾಗುತ್ತದೆ. ಹೋದ ವರ್ಷದ್ದು ಇರಬೇಕು."

ಸುಂದ್ರವ್ವ ಮಂಡಿಯೂರಿದಳು. ಎಲೆಗಳನ್ನು ಸರಿಸಿ ಒಂದು ಗಿಡದ ಬೊಡ್ಡೆಯನ್ನು ಬಯಲು ಮಾಡಿದಳು. ಅದು ಗಿಡದ ದಂಟಿನಂತಿರಲಿಲ್ಲ, ಹೆಬ್ಬೆರಳಿನಷ್ಟು ದಪ್ಪದ ಬೂದು ಕಟ್ಟಿಗೆ.

"ವರ್ಷಕ್ಕೊಮ್ಮೆ ಕಡೀತೀನ್ರಿ. ಹಿಂದಿನ ವರ್ಷ ಕಡದಲ್ಲೇ ಕಡದ್ರ ಒಣಗ್ತದ, ಅದಕ್ಕ ಒಂದ್ ಬೆರಳು ಮ್ಯಾಲ ಕಡೀಬೇಕು. ಕಡದಲ್ಲಿ ಗಂಟು ಬೀಳ್ತದ. ಎಣಸ್ರಿ."

ಅವಳ ಬೆರಳು ಗಂಟಿನಿಂದ ಗಂಟಿಗೆ ಏರಿದ್ದು ನೋಡಿ, ಸ್ನೇಹಲ್ ಮರಾಠಿಯಲ್ಲಿ ಹೇಳುವ ಮೊದಲೇ ಅಧಿಕಾರಿ ಬಗ್ಗಿದರು. ಬೆರಳಿಟ್ಟು ಎಣಿಸಿದರು. "ಆರು."

"ಏಳನೇದು ಮಣ್ಣಾಗ ಹೂತದ, ವರ್ಷಾ ಬುಡಕ್ಕ ಮಣ್ಣು ಏರಸ್ತೀನಿ." ಅವಳು ಉಗುರಿನಿಂದ ಮಣ್ಣು ಕೆದರಿ ತೋರಿಸಿದಳು. ಅಧಿಕಾರಿ ಮುಂದಿನ ಗಿಡ ನೋಡಿದರು, ಅದರಾಚೆಯದು ನೋಡಿದರು.

"ಎಲ್ಲಾ ಏಳರವೇ ಅಲ್ರಿ," ಅವಳು ತಾನಾಗಿ ಹೇಳಿದಳು. "ಆ ಬಿಳೇದಕ್ಕ ಐದ ಅದಾವ. ಮೊದಲಿನ ವರ್ಷ ನೀರು ಜಾಸ್ತಿ ಹಾಕಿ ಕೊಂದಿದ್ದೆ, ತಿರುಗಿ ಹಚ್ಚೀನಿ."

ವಕೀಲ ಅಧಿಕಾರಿಯ ಪಕ್ಕಕ್ಕೆ ಬಂದು ಮರಾಠಿಯಲ್ಲಿ ಏನೋ ವಾದಿಸಿದ. ಅಧಿಕಾರಿ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ತುಂಬ ಹೊತ್ತು ಬರೆದರು. ಬರೆದು ಸಹಿ ಹಾಕಿಸಿಕೊಂಡರು. ಸುಂದ್ರವ್ವನ ಹೆಬ್ಬೆರಳಿಗೆ ಮಣ್ಣು ಮೆತ್ತಿತ್ತು. ಸೀರೆಗೆ ಒರೆಸಿಕೊಂಡು ಒತ್ತಿದಳು.

"ಏನ್ ಬರದ್ರು?" ಮಹಾದೇವಿ ಸ್ನೇಹಲ್‌ಳ ತೋಳು ಹಿಡಿದಳು.

"ಗಿಡ ಜುನಾ ಆಹೇತ್, ಪ್ರತಿ ವರ್ಷ ಹೊಸಾದು ನೆಟ್ಟಿಲ್ಲ. ಹಂಗೇ ಬರೆದಾರೆ."

"ಗಿಡದ್ದಾತು. ನಮ್ಮದು?"

ಸ್ನೇಹಲ್ ವಕೀಲನ ಕಡೆ ನೋಡಿದಳು. "ಗಿಡ ಹಳೇದು ಅಂದ್ರೆ ಬಾಯಿಗಳೂ ಹಳೇಯವರು ಅಂತ ಸಿದ್ಧ, ಸಾಬೀತು, ಆಗಲ್ಲ ಅಂತ ವಕೀಲ ಹೇಳ್ತಿದ್ದಾನೆ. ಅದಕ್ಕೆ ಬೇರೆ ತಾರೀಖು. ಆಗಸ್ಟ್ ಹತ್ತೊಂಬತ್ತು. ಅಲ್ಲಿ ತನಕ ತೆಗಿಬಾರದು ಅಂತ ಬರೆದಾರೆ."

"ಗಿಡಾನೋ, ನಮ್ಮನ್ನೋ?"

"ಎರಡೂ."

ಮಹಾದೇವಿ ಮಣ್ಣಿನ ಮೇಲೇ ಕುಳಿತುಬಿಟ್ಟಳು. ಗೆದ್ದದ್ದೋ ಸೋತದ್ದೋ ತಿಳಿಯದ ಮುಖ. ಸುಂದ್ರವ್ವ ಕಾರಿನ ಬಾಗಿಲು ಮುಚ್ಚುತ್ತಿದ್ದ ಅಧಿಕಾರಿಯ ಹತ್ತಿರ ನಡೆದು ಹೋಗಿ ಕಿಟಕಿಯ ಗಾಜು ತಟ್ಟಿದಳು. ಗಾಜು ಅರ್ಧ ಇಳಿಯಿತು.

"ಸಾಹೇಬ್ರ, ನಮಗ ಗಂಟು ಒಳಗ ಬಿದ್ದಾವ, ಬೆರಳಿಟ್ಟು ಎಣಸಾಕ ಬರಂಗಿಲ್ಲ. ಆದ್ರ ಆ ತಾರೀಖಿಗೂ ಬರ್ತೀವಿ. ಅದರ ಮುಂದಿನದಕ್ಕೂ ಬರ್ತೀವಿ. ಬರಕೊಳ್ರಿ."

ಅವರಿಗೆ ಕನ್ನಡ ಬರುತ್ತಿರಲಿಲ್ಲ. ತಲೆಯಾಡಿಸಿದರು. ಕಾರು ಲಿಂಕ್ ರಸ್ತೆಯ ಟ್ರಾಫಿಕ್ಕಿಗೆ ಸೇರಿಕೊಂಡಿತು.