ಕೆಂಡ ಬಿದ್ದರೂ ಸುಡದ ಕಾಲು

ಬೀದಿಯ ತುದಿಯಲ್ಲಿ ಒಂದು ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕೆಂಡ ತುಂಬುವ ಭಾರದ ಇಸ್ತ್ರಿಪೆಟ್ಟಿಗೆ, ಮೂಲೆಯಲ್ಲಿ ಒಂದು ಸಣ್ಣ ಕೊಡ ಕುಡಿಯುವ ನೀರು. ಅಂಗಡಿಯವನನ್ನು ಎಲ್ಲರೂ ಇಸ್ತ್ರಿಯಣ್ಣ ಅನ್ನುತ್ತಿದ್ದರು. ಪಕ್ಕದಲ್ಲೇ ಕೂತು, ಉದುರಿದ ಗುಂಡಿ ಹೊಲಿದುಕೊಡುತ್ತಿದ್ದ ಅವನ ಅಕ್ಕ ಬೀದಿಗೆಲ್ಲ ಗುಂಡಿಯಕ್ಕ.

ಆ ಕೊಡದ ನೀರನ್ನು ಇಸ್ತ್ರಿಯಣ್ಣ ಮಧ್ಯಾಹ್ನದೊಳಗೆ ಒಬ್ಬನೇ ಮುಗಿಸುತ್ತಿದ್ದ. ವಾರಕ್ಕೊಮ್ಮೆ ಸಮವಸ್ತ್ರ ಇಸ್ತ್ರಿಗೆ ತರುತ್ತಿದ್ದ ಆರೋಗ್ಯ ಕೇಂದ್ರದ ನರ್ಸಮ್ಮನ ಕಣ್ಣಿಗೆ ಇದು ಬಿತ್ತು.

"ಅಣ್ಣ, ಇಷ್ಟೊಂದು ನೀರು ಕುಡೀತೀರಲ್ಲ, ಒಂದ್ಸಲ ಸಕ್ಕರೆ ಪರೀಕ್ಷೆ ಮಾಡಿಸಿ."

"ಬೆಂಕಿ ಮುಂದೆ ನಿಂತವನಿಗೆ ಬಾಯಾರದೆ ಇರುತ್ತಾ ನರ್ಸಮ್ಮ?"

"ತೂಕಾನೂ ಇಳಿದಿದೆ. ಅಂಗಿ ನೇತಾಡ್ತಿದೆ."

"ದುಡಿಯೋ ಮೈ ಹಾಗೇನೇ."

"ಕಾಲು ಜುಮುಜುಮು ಅನ್ನುತ್ತೆ ಅಂತಿದ್ರಿ."

"ಹನ್ನೆರಡು ಗಂಟೆ ನಿಲ್ಲಿಸಿದ್ರೆ ಕುದುರೆ ಕಾಲೂ ಜುಮುಜುಮು ಅನ್ನುತ್ತೆ. ನಾನು ಟೀಗೂ ಸಕ್ಕರೆ ಹಾಕ್ಕೊಳಲ್ಲ. ನನ್ನ ಮೈಯಲ್ಲಿ ಸಕ್ಕರೆ ಇದ್ದಿದ್ರೆ ಮಾತಾದ್ರೂ ಸಿಹಿಯಾಗಿರ್ತಿತ್ತು."

ನರ್ಸಮ್ಮನಿಗೂ ನಗು ಬಂತು. ಮಾತು ಅಲ್ಲಿಗೇ ನಿಂತಿತು. ಹೀಗೆ ಎರಡು ವರ್ಷ ಹೋಯಿತು.

ಎರಡನೆಯ ವರ್ಷದಲ್ಲಿ ಗುಂಡಿಯಕ್ಕನಿಗೆ ಸೂಜಿಯ ಕಣ್ಣು ಕಾಣದಾಯಿತು. ವಯಸ್ಸಾಯಿತು ಎಂದುಕೊಂಡಳು. ಒಂದು ಬೆಳಿಗ್ಗೆ ಎದ್ದರೆ ಎಡಗಣ್ಣಿನ ಮುಂದೆ ಕಪ್ಪು ಪರದೆ. ದೊಡ್ಡಾಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ರಕ್ತದಲ್ಲಿ ಸಕ್ಕರೆ ಏರಿ ಬಹಳ ವರ್ಷ ಆಗಿದೆ, ಕಣ್ಣಿನೊಳಗಿನ ಸಣ್ಣ ರಕ್ತನಾಳಗಳು ಒಡೆದಿವೆ, ಬಲಗಣ್ಣನ್ನು ಉಳಿಸಿಕೊಳ್ಳೋಣ, ಎಡಗಣ್ಣಿನ ಆಸೆ ಬಿಡಿ ಅಂದರು. ಅಂದಿನಿಂದ ಅವಳ ಸೂಜಿ ಕೆಲಸ ನಿಂತಿತು. ಬಟ್ಟೆ ಮಡಚಿ ಗಂಟು ಕಟ್ಟುವುದಷ್ಟೇ ಉಳಿಯಿತು.

"ಒಡಹುಟ್ಟಿದವರಿಗೆ ಬಂದಿದ್ರೆ ನಮಗೂ ಬರೋ ಸಾಧ್ಯತೆ ಜಾಸ್ತಿ ಅಣ್ಣ. ಈಗಲಾದ್ರೂ ಬನ್ನಿ," ಎಂದರು ನರ್ಸಮ್ಮ.

ಬರ್ತೀನಿ ಅಂದ. ಹೋಗಲಿಲ್ಲ. ತನಗೂ ಇದೆ ಅಂದುಬಿಟ್ಟರೆ ಅಂಗಡಿ ಏನಾಗಬೇಕು ಎಂಬ ಭಯ. ಆ ಭಯವನ್ನು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಒಂದು ಸೋಮವಾರ ನರ್ಸಮ್ಮ ಬಟ್ಟೆ ತೆಗೆದುಕೊಳ್ಳಲು ಬಂದು, ಮೇಜಿನ ಕೆಳಗೆ ನೋಡಿ ಹೌಹಾರಿದರು.

"ಅಣ್ಣ, ಕಾಲು ತೆಗೀರಿ. ಕೆಂಡ."

ಇಸ್ತ್ರಿಪೆಟ್ಟಿಗೆಯಿಂದ ಸಿಡಿದ ಅಡಕೆಯಷ್ಟು ಗಾತ್ರದ ಕೆಂಡ ಅವನ ಹೆಬ್ಬೆರಳಿಗೂ ಚಪ್ಪಲಿಯ ಪಟ್ಟಿಗೂ ನಡುವೆ ಸಿಕ್ಕಿಕೊಂಡಿತ್ತು. ಚರ್ಮ ಸುಟ್ಟು ಬೆಳ್ಳಗಾಗಿತ್ತು. ಅವನು ಅಂಗಿಯ ಕಾಲರು ತಿರುಗಿಸಿ ಹಾಸುತ್ತ ನಿಂತೇ ಇದ್ದ. ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಅವತ್ತು ನರ್ಸಮ್ಮ ನಗಲಿಲ್ಲ. ಕೆಂಡ ಕೊಡವಿ, ಗಾಯ ತೊಳೆದು ಪಟ್ಟಿ ಕಟ್ಟಿದರು. "ನಾಳೆ ಬೆಳಿಗ್ಗೆ ಏನೂ ತಿನ್ನದೆ, ಟೀ ಕೂಡ ಕುಡಿಯದೆ ಬನ್ನಿ. ನೀವು ಬರದಿದ್ರೆ ನಾನೇ ಇಲ್ಲಿಗೆ ಬರ್ತೀನಿ," ಎಂದರು.

ಮಂಗಳವಾರ ಹೋದ. ಕೈಯಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟು ಸಂಜೆ ನಾಲ್ಕಕ್ಕೆ.

ಅಂಗಡಿಗೆ ಬಂದು ಇಸ್ತ್ರಿಪೆಟ್ಟಿಗೆ ಹಿಡಿದ. ಒಂದೇ ಅಂಗಿಯನ್ನು ಮೂರು ಸಲ ಉಜ್ಜಿದ. ಯಾರದೋ ಪ್ಯಾಂಟಿಗೆ ಎರಡು ಗೆರೆ ಬಿದ್ದವು. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಎದುರಿಗೆ ಕೂತು, ಬಲಗಣ್ಣಿನ ಹತ್ತಿರ ಹಿಡಿದು ಹಿಡಿದು ಬಟ್ಟೆ ಮಡಚುತ್ತಿದ್ದಳು. ಅವನು ಅವಳನ್ನೇ ನೋಡುತ್ತ ನಿಂತ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟ.

"ಅಕ್ಕ, ನಿಂಗೊಂದು ವಿಷಯ ಹೇಳ್ಬೇಕು. ಎರಡು ವರ್ಷದ ಹಿಂದೆ ಶಾಲೆ ಹತ್ರ ಸಕ್ಕರೆ ಪರೀಕ್ಷೆ ಶಿಬಿರ ಇತ್ತಲ್ಲ. ಹೋಗೋಣ ಅಂತ ನೀನು ಹೊರಟಿದ್ದೆ."

"ಹೂಂ. ಶಿಬಿರ ರದ್ದಾಯ್ತು ಅಂತ ನೀನು ಹೇಳಿದ್ದೆ."

"ರದ್ದಾಗಿರಲಿಲ್ಲ."

ಅಕ್ಕನ ಕೈ ನಿಂತಿತು.

"ಅವತ್ತು ಲಾಡ್ಜಿನ ನೂರು ಹೊದಿಕೆ ಬಂದಿತ್ತು. ನೀನು ಹೋದ್ರೆ ಕೆಲಸ ಮುಗಿಯಲ್ಲ ಅಂದ್ಕೊಂಡೆ. ಅದೊಂದೇ ಅಲ್ಲ. ನೀನು ಹೋದ್ರೆ ನನ್ನೂ ಎಳ್ಕೊಂಡು ಹೋಗ್ತೀಯ ಅಂತ ಭಯ. ಸುಳ್ಳು ಹೇಳಿದೆ. ಅವತ್ತೇ ಹೋಗಿದ್ರೆ..."

ಅಷ್ಟು ಹೇಳುವಾಗಲೇ ಅವನಿಗೆ ಅಳು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಗಿತ್ತು ಅವನ ಪಾಡು.

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಆಮೇಲೆ, "ನಂಗೆ ಕೋಪ ಬಂದಿದೆ ಕಣೋ," ಎಂದಳು. "ಇವತ್ತು ನಾಳೆ ಇಳಿಯೋ ಕೋಪ ಅಲ್ಲ ಇದು. ನೀನು ಅಳಬೇಡ, ನಿನ್ನ ಅಳು ನೋಡಿ ಸಮಾಧಾನ ಮಾಡೋ ಶಕ್ತಿ ನಂಗೀಗ ಇಲ್ಲ." ಎದುರು ಅಂಗಡಿಯ ಗೋಡೆ ಗಡಿಯಾರದ ಕಡೆ ಮುಖ ಎತ್ತಿದಳು. "ಗಂಟೆ ಎಷ್ಟಾಯ್ತು ನೋಡು. ನಾಲ್ಕಕ್ಕೆ ನಾನೂ ಬರ್ತೀನಿ. ನೀನು ದಾರೀಲೇ ತಿರುಗಿ ಬಂದುಬಿಡೋ ಜಾತಿ."

ಇಬ್ಬರೂ ಹೋದರು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅರ್ಧ ಗಂಟೆ ಕೂತರು. ಅಕ್ಕ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಆದರೆ ಅವನ ಹೆಸರು ಕೂಗಿದಾಗ ಅಕ್ಕನೇ ಮೊದಲು ಎದ್ದಳು.

ಖಾಲಿ ಹೊಟ್ಟೆಯಲ್ಲಿ ನೂರರೊಳಗೆ ಇರಬೇಕಾದ ಸಕ್ಕರೆ ಅವನಿಗೆ ಇನ್ನೂರ ಅರವತ್ತೆಂಟು ಇತ್ತು.

"ನಿಮ್ಮ ಕಾಲಿನ ನರಗಳು ಸ್ಪರ್ಶ ಕಳ್ಕೊಂಡಿವೆ. ಅದಕ್ಕೇ ಕೆಂಡ ಬಿದ್ರೂ ಗೊತ್ತಾಗಲಿಲ್ಲ," ಎಂದರು ಅಲ್ಲಿನ ಡಾಕ್ಟರು. "ದಿನಾ ಮಾತ್ರೆ ತಗೊಳ್ಳಿ. ಊಟದಲ್ಲಿ ಹಿಡಿತ ಇರಲಿ, ದಿನಾ ಅರ್ಧ ಗಂಟೆ ನಡೀರಿ. ಈ ಗಾಯ ವಾಸಿಯಾದ ಮೇಲೆ ನಡಿಗೆ ಶುರು ಮಾಡಿ. ಬೆರಳು ಮುಚ್ಚೋ ಚಪ್ಪಲಿ ಹಾಕಿ. ದಿನಾ ಸಂಜೆ ಎರಡೂ ಪಾದ ನೋಡ್ಕೊಳ್ಳಿ."

"ಅಂಗಡಿ ಮುಚ್ಚಬೇಕಾ ಡಾಕ್ಟ್ರೇ?"

"ಯಾರು ಹೇಳಿದ್ದು? ಔಷಧಿ ತಗೊಂಡು ದುಡಿಯೋರು ಎಷ್ಟೋ ಜನ ಇದ್ದಾರೆ."

ಇಷ್ಟು ದಿನ ಹೆದರಿಸಿದ್ದ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು. ಎರಡು ವರ್ಷದ ಹಿಂದೆ ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಹೆಬ್ಬೆರಳು ಉಳಿಯಿತು. ಪಾದದ ಸ್ಪರ್ಶ ಮೊದಲಿನಂತೆ ಬರಲಿಲ್ಲ. ಅವನ ಹೆಂಡತಿಯೂ ಪರೀಕ್ಷೆ ಮಾಡಿಸಿಕೊಂಡಳು, ಅವಳಿಗೆ ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಮ್ಮೆ ಮಾಡಿಸುತ್ತೇನೆಂದು ಅವಳೇ ದಿನ ಗೊತ್ತುಮಾಡಿಕೊಂಡಿದ್ದಾಳೆ. ಅಕ್ಕನ ಬಲಗಣ್ಣಿಗೆ ಚಿಕಿತ್ಸೆ ನಡೆದಿದೆ. ಅಕ್ಕ ತಮ್ಮನೊಡನೆ ಮಾತಾಡುತ್ತಾಳೆ. ಮೊದಲಿನಷ್ಟು ಅಲ್ಲ. ಆದರೆ ದಿನಾ ಸಂಜೆ ಅವನ ಪಾದ ಹಿಡಿದು ಬೆರಳ ಸಂದಿಯನ್ನೆಲ್ಲ ತಡವಿ ನೋಡುವವಳು ಅವಳೇ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮಗೆ ಮೂವತ್ತು ದಾಟಿದೆಯೇ? ಪದೇ ಪದೇ ಬಾಯಾರುತ್ತದೆಯೇ, ಮೂತ್ರಕ್ಕೆ ಹೋಗಬೇಕೆನಿಸುತ್ತದೆಯೇ, ಸುಮ್ಮನೆ ತೂಕ ಇಳಿದಿದೆಯೇ, ಕಾಲು ಜುಮುಗುಡುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಕೆಲಸದ ಮೇಲೆ ತಪ್ಪು ಹೊರಿಸಬೇಡಿ. ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟಿಗೆ ಕಾಯುವ ಹೊತ್ತು ಕಷ್ಟದ್ದೇ, ಇಲ್ಲ ಅನ್ನುವುದಿಲ್ಲ. ಆ ಹೊತ್ತು ಹೇಗೋ ಕಳೆಯುತ್ತದೆ.

ನಾಳೆ ಬೆಳಿಗ್ಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯಲ್ಲಿ ಯಾರನ್ನಾದರೂ ನೀವು ಇವತ್ತು ಬೇಡ, ಆಮೇಲೆ ಎಂದು ತಡೆದಿದ್ದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.