ಕೆರೆಕೆರೆಯ ಕಿರಿಕಿರಿ

ನಮ್ಮ ಫಿಜಿಯಲ್ಲಿ ನೆಂಟರು ‘ಕೆರೆಕೆರೆ’ ಎಂದು ಏನನ್ನಾದರೂ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಕೊಟ್ಟ ಮೇಲೆ ವಾಪಸ್ ಕೊಡು ಅನ್ನುವ ಹಾಗೂ ಇಲ್ಲ. ಬೇಕಾದಾಗ ನೀವೂ ಹೋಗಿ ಅವರನ್ನು ಹಾಗೇ ಕೇಳಬಹುದು, ಅಷ್ಟೇ. ನನ್ನ ಪಾಲಿಗೆ ಇದು ಬರೀ ಕಿರಿಕಿರಿ. ನಾದಿನಿ ಉನೈಸಿ ನನ್ನ ಬಾಣಲೆ ಒಯ್ದಳು, ಚಾಪೆ ಒಯ್ದಳು, ಮೀನಿನ ಬಲೆ ಒಯ್ದು ಹವಳದ ಬಂಡೆಗೆ ಸಿಕ್ಕಿಸಿ ಹರಿದಳು. ಅಂದಿನಿಂದ ಬರೀ ಮರಗೆಣಸು ತಿಂದು ತಿಂದು ನನಗೆ ತಲೆ ಕೆಟ್ಟಿತ್ತು. ಬಲೆ ಬೇಕಿತ್ತು, ನನ್ನದೇ ಬಲೆ.

ಅಷ್ಟರಲ್ಲಿ ರಾಜಧಾನಿ ಸುವಾದಿಂದ ಒಬ್ಬಳು ಮೇಡಂ ಆಟ ಆಡಿಸಲು ಬಂದಳು. ಜನ ಯಾಕೆ ಒಬ್ಬರಿಗೊಬ್ಬರು ಆಗುತ್ತಾರೆ ಎಂದು ತಿಳಿಯಬೇಕಂತೆ. ಪ್ರತಿ ಸುತ್ತಿಗೂ ಎಲ್ಲರಿಗೂ ಒಂದಿಷ್ಟು ಬಿಲ್ಲೆ. ಪರದೆಯ ಹಿಂದೆ ಹೋಗಿ, ಇಷ್ಟ ಬಂದಷ್ಟನ್ನು ಪೆಟ್ಟಿಗೆಗೆ ಹಾಕಬೇಕು. ಹಾಕಿದ್ದು ಎರಡರಷ್ಟಾಗಿ ಎಲ್ಲರಿಗೂ ಸಮನಾಗಿ ಹಂಚಿಕೆ, ಉಳಿಸಿಕೊಂಡದ್ದು ಅವರವರದೇ. ಕೊನೆಗೆ ಬಿಲ್ಲೆ ಕೊಟ್ಟು ಅಂಗಡಿಯಲ್ಲಿ ಸಾಮಾನು ಪಡೆಯಬಹುದು. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು.

ಯಾರಿಗೂ ತಿಳಿಯದು! ಹುಟ್ಟಿದಾಗಿನಿಂದ ಅಂಥ ಸುಖ ನಾನು ಕಂಡಿರಲಿಲ್ಲ. ಸುತ್ತು ಸುತ್ತಿಗೂ ಪೆಟ್ಟಿಗೆಯ ಮೇಲೆ ಬರೀ ಕೈಯಾಡಿಸಿ ಬಂದೆ. ಉಳಿದವರು ಕೊನೆಯವರೆಗೂ ಸುರಿಯುತ್ತಲೇ ಇದ್ದರು, ಪೆದ್ದುಗಳು.

ಅಂಗಡಿಯಲ್ಲಿ ಅವರೆಲ್ಲ ಸಕ್ಕರೆ, ಸೋಪು ಕೊಂಡರು. ನಾನು ಹೊಸ ಬಲೆ ಕೊಂಡೆ. ಗುಟ್ಟು ಅಲ್ಲೇ ರಟ್ಟಾಯಿತು. ಅಷ್ಟು ಬಿಲ್ಲೆ ಉಳಿದದ್ದು ಹೇಗೆಂದು ಎಂಥವರಿಗೂ ತಿಳಿಯುತ್ತದೆ. ಮನೆಗೆ ಬಂದರೆ ಉನೈಸಿ ನನ್ನ ಹೊಸ್ತಿಲಲ್ಲೇ ಕೂತಿದ್ದಳು.

“ಅತ್ತಿಗೇ, ಬಲೆ ಭಾಳ ಚೆನ್ನಾಗಿದೆ ಕಣೇ. ಕೆರೆಕೆರೆ...”

“ನಾಚ್ಕೆ ಆಗಲ್ವೇನೇ? ನೀನೆಷ್ಟು ಹಾಕ್ದೆ ಪೆಟ್ಗೆಗೆ?”

“ಎಲ್ಲಾ ಹಾಕ್ದೆ. ನಾನ್ಯಾಕೆ ಉಳಿಸ್ಕೊಳ್ಳಲಿ? ಯಾರ ಮನೇಲಿದ್ರೂ ನಾಳೆ ಹೋಗಿ ಕೇಳೋದ್ ತಾನೆ?”

ಹಲ್ಲು ಕಚ್ಚಿಕೊಂಡು ಕೊಟ್ಟೆ. ಕೊಡದೆ ಈ ಊರಲ್ಲಿ ಬಾಳಲಾದೀತೇ?

ಮರುದಿನ ಸಂಜೆ ಅವಳ ಮನೆಯಿಂದ ಮೀನು ಸುಡುವ ವಾಸನೆ ಬಂತು. ನನ್ನ ಬಲೆಯ ಮೀನು! ಸಿಟ್ಟು ನೆತ್ತಿಗೇರಿತು, ಬಾಯಲ್ಲಿ ನೀರೂ ಊರಿತು. ದಡದಡನೆ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಅಲ್ಲಿ ಆಡಬಹುದಾದ ಮಾತು ಒಂದೇ.

“ಕೆರೆಕೆರೆ,” ಎಂದೆ ಕೊನೆಗೂ. “ಒಂದ್ ಮೀನು.”

ಉನೈಸಿಯ ಕೈ ಅಲ್ಲೇ ನಿಂತಿತು. “ಅವ್ವಾ, ಬಾ ಇಲ್ಲಿ! ಅತ್ತಿಗೆ ಕೇಳಿದ್ಲು!” ಎಂದು ಕೂಗಿದಳು. ಆಮೇಲೆ ನನ್ನತ್ತ ತಿರುಗಿದಳು. ಕಣ್ಣು ತುಂಬಿತ್ತು.

“ಮದ್ವೆಯಾಗಿ ಬಂದಾಗಿಂದ ನಮ್ಮತ್ರ ಚಿಟಿಕೆ ಉಪ್ಪೂ ಕೇಳ್ಲಿಲ್ಲ ನೀನು. ನಾವೇನು ನಿಂಗೆ ಬೇರೆಯೋರಾ? ನಿನ್ನ ಸಾಮಾನೇ ಯಾಕೆ ಕೇಳ್ತಿದ್ದೆ ಅಂದ್ಕೊಂಡೆ? ಸಿಟ್ಟಿಗಾದ್ರೂ ಒಂದಿನ ನೀನೂ ಬಂದು ಕೇಳ್ತೀಯ ಅಂತ.”

ಎಲ್ಲಕ್ಕಿಂತ ದೊಡ್ಡ ಮೀನನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಕೆರೆಕೆರೆ,” ಎಂದೆ ಮತ್ತೆ, “ಆ ಹಾಳು ಬಾಣಲೇನೂ ಕೊಡೇ.”